ಕೊರಗಣ್ಣನ ಶನಿ ಹೋರೆ

ಬಹರೈನಿನ ಸಿತ್ರಾದ ನಮ್ಮ ಕಾರ್ಮಿಕರ ಕ್ಯಾಂಪಿನಲ್ಲಿ ಕೊರಗಣ್ಣನನ್ನು ಕೇಳದೆ ಯಾರೂ ಒಳ್ಳೆಯ ಕೆಲಸಕ್ಕೆ ಹೊರಡುತ್ತಿರಲಿಲ್ಲ. ಅವರು ಪೈಪ್ ಫಿಟ್ಟರ್. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಪ್ರತಿವರ್ಷ ಊರಿನಿಂದ ಉಡುಪಿಯ ಪಂಚಾಂಗ ತರಿಸಿ ತಲೆದಿಂಬಿನ ಕೆಳಗೆ ಇಡುತ್ತಿದ್ದರು. ವೀಸಾ, ಇಂಟರ್‌ವ್ಯೂ, ಹಲ್ಲು ಕೀಳಿಸುವುದು, ಎಲ್ಲಕ್ಕೂ ಹೋರೆ ನೋಡಿ ಹೇಳುತ್ತಿದ್ದರು. ಸ್ಟೋರ್ ಕೀಪರನಾದ ನಾನು ಇಲ್ಲಿ ರಜೆಯ ದಿನವಾದ ಶುಕ್ರವಾರ ತಪ್ಪದೆ ಇಗರ್ಜಿಗೆ ಹೋಗುವವನು, ಇದೆಲ್ಲ ಬೊಗಳೆ ಎಂದು ನಗುತ್ತಿದ್ದೆ. ರಜೆಯ ಅರ್ಜಿ ಕೊಡುವ ದಿನ ಮಾತ್ರ ಮೆಲ್ಲಗೆ ಅವರ ಮಂಚದ ಬಳಿ ಹೋಗಿ ನಿಲ್ಲುತ್ತಿದ್ದೆ.

ಹೋರೆಯ ಲೆಕ್ಕ ಸುಲಭ. ಸೂರ್ಯ ಹುಟ್ಟಿದ ಮೊದಲ ಗಂಟೆ ಆ ದಿನದ ಒಡೆಯ ಗ್ರಹದ್ದು, ಮುಂದೆ ಗಂಟೆಗೊಂದು ಗ್ರಹ. ಶನಿವಾರವಾದರೆ ಮೊದಲ ಗಂಟೆ ಶನಿಯದು, ಎರಡನೆಯದು ಗುರುವಿನದು. ಶನಿ ಹೋರೆಯಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಕಾಯಿಲೆ ಬಿಟ್ಟುಹೋಗುವುದಿಲ್ಲ ಎಂದು ಕೊರಗಣ್ಣ ನಂಬಿದ್ದರು.

ಇದನ್ನು ಕೇಳಿ ಗೋದಾಮಿನ ಸೂಪರ್‌ವೈಸರ್ ವಗ್ದಿ ಬಿದ್ದು ಬಿದ್ದು ನಕ್ಕಿದ್ದ. ಅವನು ಈಜಿಪ್ಟಿನ ಅಸ್ಯೂತ್ ಊರಿನವನು, ಅಪ್ಪ ಅಲ್ಲಿನ ಗುಡ್ಡದ ಗೋರಿಗಳ ಕಾವಲುಗಾರ. ಊಟದ ಹೊತ್ತಿನಲ್ಲಿ ಹರಕುಮುರುಕು ಹಿಂದಿಯಲ್ಲಿ ಹೇಳಿದ: "ದಿನವನ್ನು ಇಪ್ಪತ್ತನಾಲ್ಕು ಮಾಡಿದ್ದೇ ನಮ್ಮವರು. ನಮ್ಮೂರಿನ ಶವಪೆಟ್ಟಿಗೆಗಳ ಮುಚ್ಚಳದ ಒಳಗೆ ರಾತ್ರಿಯ ಗಂಟೆಗಳನ್ನು ಬರೆದಿದ್ದಾರೆ, ಸತ್ತವನು ಮಲಗಿದಲ್ಲೇ ನೋಡಲಿ ಅಂತ. ಆಮೇಲೆ ಗ್ರೀಕರು ಬಂದರು. ನಮ್ಮ ತೋತ್ ದೇವರು, ಅವರ ಹರ್ಮಿಸ್, ಇಬ್ಬರನ್ನೂ ಸೇರಿಸಿ ಒಬ್ಬನೇ ಜ್ಞಾನಿ ಮಾಡಿದರು. ಗಂಟೆಗಳಿಗೆ ಏಳು ಗ್ರಹಗಳನ್ನು ಕಟ್ಟಿದರು. ಹೋರೆ ಅನ್ನುವ ಮಾತೇ ಗ್ರೀಕರದು."

"ಅದೆಲ್ಲ ನಮ್ಮ ಋಷಿಗಳದ್ದು ಮಾರಾಯಾ," ಎಂದು ಕೊರಗಣ್ಣ ಮುನಿಸಿಕೊಂಡರು.

ವಗ್ದಿ ಬಿಡಲಿಲ್ಲ. ಆ ಜ್ಞಾನಿಯ ಶಿಷ್ಯರು ಹೇಳಿದ್ದನ್ನೂ ಹೇಳಿದ. ಜೀವ ಭೂಮಿಗೆ ಇಳಿಯುವಾಗ ಒಂದೊಂದು ಗ್ರಹದಿಂದ ಒಂದೊಂದು ದೋಷ ಹೊತ್ತು ತರುತ್ತದಂತೆ. ಸತ್ತು ಮೇಲೆ ಹೋಗುವಾಗ ಒಂದೊಂದನ್ನೂ ಹಿಂದಕ್ಕೆ ಕೊಡಬೇಕು. ಕಟ್ಟಕಡೆಗೆ ಶನಿಗೆ ಕೊಡುವುದು ಸುಳ್ಳನ್ನು. ಕೊರಗಣ್ಣ ಊಟ ನಿಲ್ಲಿಸಿ ಕೇಳಿಸಿಕೊಂಡರು.

ಜುಲೈ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಆರು ಹತ್ತಕ್ಕೆ, ಬಸ್ಸಿಗೆ ಹೊರಡುವ ಹೊತ್ತಿನಲ್ಲಿ, ನಮ್ಮ ರೂಮಿನ ವೆಲ್ಡರ್ ಶೈಲೇಶ್ ಎದೆ ಒತ್ತಿಕೊಂಡು ಬಂದ. ವಯಸ್ಸು ಮೂವತ್ತನಾಲ್ಕು. ಎಸಿ ಓಡುತ್ತಿದ್ದರೂ ಬೆವರುತ್ತಿದ್ದ.

"ಕೊರಗಣ್ಣ, ಎದೆ ಹಿಡಿದ ಹಾಗೆ ಆಗ್ತಾ ಉಂಟು. ಆಸ್ಪತ್ರೆಗೆ ಹೋಗ್ಲಾ?"

ಕೊರಗಣ್ಣ ಪಂಚಾಂಗ ತೆರೆದರು. "ಸೂರ್ಯೋದಯ ಆರು ಎಂಟಕ್ಕೆ. ಶನಿ ಹೋರೆ ಈಗಷ್ಟೇ ಶುರುವಾದದ್ದು. ಗ್ಯಾಸ್ ಇರ್ಬೇಕು, ಒಂದು ಗಂಟೆ ಕೂತ್ಕೋ. ಗುರು ಹೋರೆಗೆ ನಾನೇ ಕರ್ಕೊಂಡು ಹೋಗ್ತೇನೆ."

ಜೀರಿಗೆ ನೀರು ಕಾಯಿಸಿ ಕೊಟ್ಟರು. ಶೈಲೇಶ್ ಊರಿಗೆ ಫೋನ್ ಮಾಡಿ ಹೆಂಡತಿ ಅಕ್ಷಿತಾಳಿಗೆ ಇಷ್ಟನ್ನೂ ಹೇಳಿದ. ನಾನು ಅಲ್ಲೇ ಕೂತು ಶೂ ಕಟ್ಟಿಕೊಳ್ಳುತ್ತಿದ್ದೆ. ಬೊಗಳೆ ಎನ್ನುವ ನನ್ನ ಬಾಯಿಗೆ ಆ ದಿನ ಏನಾಗಿತ್ತೋ, ಒಂದು ಮಾತೂ ಬರಲಿಲ್ಲ. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ. ಆರು ಐವತ್ತಕ್ಕೆ ಶೈಲೇಶ್ ಮಂಚದಿಂದ ಜಾರಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಇನ್ನೂ ಮೊದಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಹೆಣ ಊರಿಗೆ ಹೋಗಿ ವಾರವಾದ ಮೇಲೆ ಕೊರಗಣ್ಣ ಪಂಚಾಂಗ ಹಿಡಿದು ವಗ್ದಿಯ ಬಳಿ ಬಂದರು. "ನೋಡು, ಶನಿ ಹೋರೆಯೇ ಇತ್ತು. ನಾನೇನು ಮಾಡಲಿ?" ಯಾರಾದರೊಬ್ಬರು ಹೌದು ಎನ್ನಬೇಕಿತ್ತು ಅವರಿಗೆ.

ವಗ್ದಿ ಕೇಳಿದ, "ಇದು ಯಾವ ಊರಿನ ಸೂರ್ಯೋದಯ?"

"ಉಡುಪಿಯದು."

"ಇಲ್ಲಿ ಆ ದಿನ ನಾಲ್ಕು ಐವತ್ತಕ್ಕೇ ಸೂರ್ಯ ಹುಟ್ಟಿದ್ದ, ಕೊರಗಾ. ನೀನು ನಿಂತಲ್ಲಿಯ ಸೂರ್ಯನಿಂದ ಎಣಿಸಬೇಕು."

ನಾನು ಬೆರಳು ಮಡಚಿದೆ. ಐದು ಐವತ್ತಕ್ಕೆ ಶನಿ ಹೋರೆ ಮುಗಿದಿತ್ತು. ಶೈಲೇಶನನ್ನು ಕೂರಿಸಿದ್ದು ಗುರು ಹೋರೆಯಲ್ಲೇ. ಆ ಬೆಳಿಗ್ಗೆ ಹೊರಗೆ ಮೈ ಸುಡುವ ಬಿಸಿಲಿತ್ತು. ಬಿಸಿಲು ಬಾರದಂತೆ ನಾವು ಕಿಟಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೆವು, ಕೊರಗಣ್ಣ ಪುಸ್ತಕ ನೋಡಿ ಈಗಷ್ಟೇ ಬೆಳಗಾಯಿತು ಎಂದಿದ್ದರು. ಹತ್ತೊಂಬತ್ತು ವರ್ಷ ಹೀಗೇ ಎಣಿಸಿದ್ದರು.

ಆ ಶುಕ್ರವಾರ ಮಧ್ಯಾಹ್ನ ಅಕ್ಷಿತಾಳ ಫೋನ್ ಬಂತು. ಕೊರಗಣ್ಣ ಸ್ಪೀಕರ್ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಕೊರಗಣ್ಣ, ಒಂದೇ ಕೇಳುವುದು. ಅವರು ಹೊರಡುವ ಹಾಗೇ ಇರ್ಲಿಲ್ಲ ಅಲ್ವಾ? ಶನಿ ಹೋರೆ ಇತ್ತಲ್ವಾ? ನೀವು ಹೌದು ಅಂದ್ರೆ ನಾನು ಸಮಾಧಾನ ಮಾಡಿಕೊಳ್ತೇನೆ."

ಕೊರಗಣ್ಣ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

"ಹೌದಮ್ಮ. ಶನಿ ಹೋರೆ ಇತ್ತು."

ಅವಳು ತುಂಬಾ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಿಮ್ಮನ್ನು ಬಿಟ್ರೆ ನನಗೆ ಯಾರುಂಟು ಹೇಳುವವರು. ಮಗಳಿಗೆ ಮೂರು ದಿನದಿಂದ ಜ್ವರ ಬಿಡ್ತಾ ಇಲ್ಲ, ಈಗ ಕಣ್ಣು ತೆರೀತಿಲ್ಲ. ಎಷ್ಟು ಗಂಟೆಗೆ ಕರ್ಕೊಂಡು ಹೋಗಲಿ? ನೋಡಿ ಹೇಳಿ," ಎಂದಳು.

"ಈಗಲೇ ಹೋಗು."

"ಈಗ ಯಾವ ಹೋರೆ?"

"ಹೋರೆ ಬೇಡ, ಅಕ್ಷಿತಾ. ಹೊರಡು."

"ನೀವು ಪಂಚಾಂಗ ನೋಡ್ಲೇ ಇಲ್ಲ. ಅವರಿಗೆ ಆದ ಹಾಗೆ ಇವಳಿಗೂ ಆದ್ರೆ? ನೀವು ನೋಡಿ ಹೇಳುವವರೆಗೆ ನಾನು ಹೊರಡೂದಿಲ್ಲ."

ಕೊರಗಣ್ಣ ಎದ್ದು ನಿಂತರು. "ನಾನು ಸುಳ್ಳು ಹೇಳಿದ್ದು. ಆ ದಿನ ಶನಿ ಹೋರೆ ಇರಲಿಲ್ಲ. ಅವನು ಕೇಳಿದ ಕೂಡಲೇ ಹೋಗಿದ್ರೆ ಬದುಕ್ತಿದ್ದ. ಕೂರಿಸಿದ್ದು ನಾನು. ನನ್ನ ಮಾತು ಕೇಳಬೇಡ, ಮಗುವನ್ನು ಎತ್ಕೊಂಡು ಓಡು!"

ಆ ಕಡೆಯಿಂದ ಕರೆ ತುಂಡಾಯಿತು.

ಮರುದಿನ ಊಟದ ಹೊತ್ತಿನಲ್ಲಿ ಕೊರಗಣ್ಣ ವಗ್ದಿಗೆ ಹೇಳಿದರು, "ಸುಳ್ಳನ್ನು ಹಿಂದಕ್ಕೆ ಕೊಟ್ಟೆ. ಶೈಲೇಶನನ್ನು ಯಾವ ಗ್ರಹಕ್ಕೆ ಕೊಡಲಿ?" ವಗ್ದಿ ಡಬ್ಬಿ ಮುಚ್ಚಿ ಎದ್ದುಹೋದ.

ಮೂರನೆಯ ದಿನ ಅಕ್ಷಿತಾಳ ಮೆಸೇಜ್ ಬಂತು. ಕನ್ನಡಕ ಸಿಗದೆ ಕೊರಗಣ್ಣ ಅದನ್ನು ನನ್ನಿಂದಲೇ ಓದಿಸಿದರು.

"ಮಗಳು ಹುಷಾರಾಗಿದ್ದಾಳೆ. ಇನ್ನು ನನಗೆ ಫೋನ್ ಮಾಡಬೇಡಿ."