ಎರಡು ಕೋಟು

ಆತ ಮನೆಗಳ ಹೊರಗೋಡೆಗೆ ಬಣ್ಣ ಬಳಿಯುವವನು. ಬಿಸಿಲಲ್ಲೇ ಆಯುಸ್ಸು ಸವೆಸಿ ಮೂಗಿನ ಮೇಲೆ ಮಾಯದ ಹುಣ್ಣೆದ್ದಿತ್ತು. ಡಾಕ್ಟರು ಅದನ್ನು ಕೊಯ್ದು ತೆಗೆದು, ಬಿಸಿಲು ತಡೆಯುವ ಕ್ರೀಮು ಕೊಟ್ಟರು. ಅವನ ಹೆಂಡತಿಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಹೊಲಿಗೆ ಹಾಕಿ ಹಾಕಿ ಮೂಳೆ ಟೊಳ್ಳಾಗಿತ್ತು. ಡಿ ವಿಟಮಿನ್ ಕಡಿಮೆ, ಮಾತ್ರೆಯೂ ಒಗ್ಗುತ್ತಿಲ್ಲ, ದಿನಾ ಬಿಸಿಲಿಗೆ ಕೂರಿಸು ಎಂದರು.

ತನ್ನ ಮೂಗಿನ ಪಾಡು ಅವಳಿಗೆ ಬರಬಾರದಲ್ಲ. ತಾರಸಿಯಲ್ಲಿ ಕೂರಿಸುವ ಮುಂಚೆ ಆತ ತನ್ನ ಕ್ರೀಮನ್ನೇ ಅವಳ ಕೈಕಾಲಿಗೆಲ್ಲ ಬಳಿಯುತ್ತಿದ್ದ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು.

“ನಾನೇನು ಗೋಡೇನಾ?” ಎಂದು ಅವಳು ನಗುತ್ತಿದ್ದಳು.

“ಒಂದೇ ಕೋಟಿಗೆ ಬಿಟ್ರೆ ಕೆಲಸ ನಿಲ್ಲಲ್ಲ ಕಣೇ, ಸುಮ್ನಿರು.”

ವರ್ಷ ತುಂಬುವುದರೊಳಗೆ ಅವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.

“ಬಿಸಿಲಿಗೆ ಕೂರಿಸ್ಲೇ ಇಲ್ವಾ?” ಎಂದು ಡಾಕ್ಟರು ಗದರಿದರು. ಆತ ತಾನು ಮಾಡಿದ್ದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದ. ಡಾಕ್ಟರ ದನಿ ಇಳಿಯಿತು. “ಅಷ್ಟು ದಪ್ಪ ಬಳಿದ್ರೆ ಬಿಸಿಲು ಚರ್ಮಕ್ಕೆ ತಾಗೋದು ಹೇಗಪ್ಪಾ?”

ಅವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಗಾದರೆ ಆತ ಕಿಟಕಿ ತೆರೆದು, ಬಿಸಿಲು ಬೀಳುವಲ್ಲಿಗೆ ಮಂಚ ಎಳೆದು, ಒದ್ದೆ ಬಟ್ಟೆಯಿಂದ ಅವಳ ತೋಳು ಒರೆಸುತ್ತಾನೆ. ಒಣಗಿದ ಮೇಲೆ ಇನ್ನೊಮ್ಮೆ ಒರೆಸುತ್ತಾನೆ.

“ಸಾಕು ಬಿಡಿ, ಆ ಕ್ರೀಮೆಲ್ಲ ಯಾವತ್ತೋ ಹೋಯ್ತು,” ಎನ್ನುತ್ತಾಳೆ ಅವಳು.

ಆತನಿಗೆ ಮಾತ್ರ ಅದಿನ್ನೂ ಕಾಣುತ್ತಿರುತ್ತದೆ.