ಗ್ರಾಮೀಣ ಪ್ರತಿಭೆ ಅಲ್ಲ, ನಟಿ

ಪ್ರಶಸ್ತಿಯ ಪಟ್ಟಿ ಪ್ರತಿ ವರ್ಷ ಮಳೆಗಾಲ ಮುಗಿದು ಹತ್ತಿ ಬಿಡಿಸುವ ಹೊತ್ತಿಗೆ ಬರುತ್ತಿತ್ತು. ನಮ್ಮಂಥ ಹವ್ಯಾಸಿ ನಾಟಕ ತಂಡಗಳಿಗೆ ಒಂದು ಸಂಸ್ಥೆ ಕೊಡುವ ಪ್ರಶಸ್ತಿಗಳವು: ಉತ್ತಮ ನಾಟಕ, ಉತ್ತಮ ನಿರ್ದೇಶನ, ಉತ್ತಮ ನಟ, ಉತ್ತಮ ನಟಿ, ಹೀಗೆ. ಮೊದಲು ಒಂದೊಂದಕ್ಕೂ ಮೂರೋ ನಾಲ್ಕೋ ಹೆಸರುಗಳ ನಾಮನಿರ್ದೇಶನ. ತಿಂಗಳಾದ ಮೇಲೆ ಸಮಾರಂಭದಲ್ಲಿ ಗೆದ್ದವರ ಹೆಸರು. ನಡುವಿನ ಆ ಒಂದು ತಿಂಗಳು ನಮ್ಮ ತಂಡದಲ್ಲಿ ನನಗೆ ಭಾರಿ ಬೆಲೆ.

ನಾನು ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಭಾನುವಾರ ಮಾತ್ರ ತಂಡದ ಪ್ರಾಂಪ್ಟರ್, ಅಂದರೆ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವವಳು. ಪ್ರಾಂಪ್ಟರಿಗೆ ಯಾವ ಪ್ರಶಸ್ತಿಯೂ ಇಲ್ಲ. ಅದಕ್ಕೇ ಇರಬೇಕು, ಬೇರೆಯವರಿಗೆ ಏನು ಬರುತ್ತದೆ ಎಂದು ಮೊದಲೇ ಹೇಳುವ ಚಟ ನನಗೆ ಹತ್ತಿತು. ಒಂದು ವರ್ಷ ಎಂಟಕ್ಕೆ ಏಳು ಬರಾಬರ್ ಹೇಳಿದೆ. ನಮ್ಮಲ್ಲಿ ಹಾಸ್ಯದ ಪಾತ್ರ ಮಾಡುವ ಬಸ್ ಕಂಡಕ್ಟರ್ ಅಂದಿನಿಂದ ನನ್ನನ್ನು ‘ಪಂಚಾಂಗದ ಬಾಯಾರು’ ಎಂದೇ ಕರೆದ; ನಮ್ಮ ಕಡೆ ಮೇಡಂ ಎನ್ನುವುದಕ್ಕೆ ಬಾಯಾರು ಎನ್ನುತ್ತಾರೆ.

ಅದರ ಗುಟ್ಟು ದೊಡ್ಡದೇನಲ್ಲ. ಸ್ಪರ್ಧೆಯ ನಾಟಕಗಳನ್ನು ನಾನು ನೋಡುತ್ತಲೇ ಇರಲಿಲ್ಲ. ತೀರ್ಪುಗಾರರು ಯಾರು, ಹೋದ ಸಲ ಯಾವ ಊರಿಗೆ ಕೊಟ್ಟರು, ಯಾವ ನಿರ್ದೇಶಕ ಯಾರ ಶಿಷ್ಯ, ಇಷ್ಟು ಗೊತ್ತಾದರೆ ಸಾಕಿತ್ತು. ಇಪ್ಪತ್ತು ವರ್ಷ ಕಚೇರಿಯಲ್ಲಿ ಕೂತವಳಿಗೆ, ಯಾವ ಕಡತ ಮುಂದಿನ ಮೇಜಿಗೆ ಹೋಗುತ್ತದೆ, ಯಾವುದು ಧೂಳು ತಿನ್ನುತ್ತದೆ ಎಂಬುದು ಮುಟ್ಟಿದರೇ ತಿಳಿಯುತ್ತದೆ. ಇದೂ ಹಾಗೆಯೇ.

ನಾನು ಹೇಳಹೊರಟಿರುವ ವರ್ಷ ನಮ್ಮ ನಾಟಕ ಒಂದು ವಾಡೆಯ, ಅಂದರೆ ಕೋಟೆಯಂಥ ದೊಡ್ಡ ಮನೆಯ, ಗೌಡಶಾನಿಯದಾಗಿತ್ತು. ಗಂಡ ಸತ್ತ ಮೇಲೆ ಐವತ್ತು ವರ್ಷ ಒಬ್ಬಳೇ ಊರನ್ನು ಆಳಿದ, ಯಾರ ಎದುರೂ ಕುತ್ತಿಗೆ ಬಗ್ಗಿಸದ ಮುದುಕಿ. ಬರೆದವರೂ ನಿರ್ದೇಶಿಸಿದವರೂ ಸುರಪುರದ ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಆ ಮುದುಕಿಯ ಪಾತ್ರವನ್ನು ಅವರು ಕೊಟ್ಟದ್ದು ರಾಮಸಮುದ್ರದ ಒಬ್ಬ ಹೆಣ್ಣುಮಗಳಿಗೆ. ಅವಳ ವಯಸ್ಸು ಮೂವತ್ತನಾಲ್ಕು. ಮನೆ ಊರ ಹೊರಗಿನ ಓಣಿಯಲ್ಲಿ, ಬುದ್ಧವಿಹಾರದ ಗೋಡೆಗೆ ಹತ್ತಿಕೊಂಡು. ದಿನವೂ ಬೇರೆಯವರ ಹೊಲದಲ್ಲಿ ಕೆಲಸ.

ಅವಳಿಗೆ ಓದು ಅಷ್ಟು ಸರಾಗವಲ್ಲ. ಭಾನುವಾರ ಬೆಳಿಗ್ಗೆ ಯಾದಗಿರಿಯ ಬಸ್ಸಿನಲ್ಲಿ ಶಹಾಪುರಕ್ಕೆ ಬಂದಿಳಿಯುತ್ತಿದ್ದಳು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನಾನು ಒಂದು ದೃಶ್ಯ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮೂರು ಸಲ ಕೇಳಿದರೆ ಮುಗಿಯಿತು. ತಂಡದಲ್ಲಿ ನನ್ನಿಂದ ಒಂದು ಮಾತೂ ಎತ್ತಿಸಿಕೊಳ್ಳದವಳು ಅವಳೊಬ್ಬಳೇ.

ಮಾತು ಸುಲಭ, ನಡಿಗೆಯೇ ಕಷ್ಟ ಎನ್ನುತ್ತಿದ್ದಳು. ತಾಲೀಮು ನಡೆಯುತ್ತಿದ್ದದ್ದು ಶಹಾಪುರದ ಒಂದು ಮುಚ್ಚಿಹೋದ ಜಿನ್ನಿಂಗ್ ಶೆಡ್ಡಿನಲ್ಲಿ, ಹಿಂದೆ ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಜಾಗದಲ್ಲಿ. ಅಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ತಿಂಗಳು ನಡೆದಳು.

“ಬಾಯಾರ, ನಾವು ನಡದ್ರ ನೆಲಾ ನೋಡ್ಕೋತ ನಡೀತೀವಿ, ಮುಳ್ಳು ಇರ್ತಾವಂತ. ಆಕಿ ನೆಲಾ ನೋಡೂದಿಲ್ರಿ. ಮುಳ್ಳು ಇದ್ರ ಬ್ಯಾರೆಯವ್ರು ತೆಗೀಬೇಕು ಅನ್ನೂ ನಡಿಗಿ ಅದು. ಅದು ನನ್ನ ಕಾಲಿಗೆ ಬರವಲ್ದು.”

ಆ ನಡಿಗೆ ಬಂದ ದಿನ ನಾವೆಲ್ಲ ನೋಡುತ್ತ ನಿಂತೆವು. ಕಂಡಕ್ಟರ್ ತನಗೇ ತಿಳಿಯದಂತೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೈಕಟ್ಟಿ ನಿಂತಿದ್ದ.

ಮೊದಲ ಪ್ರದರ್ಶನಕ್ಕೆ ಅವಳು ಕೆಲಸ ಮಾಡುವ ಹೊಲದ ಒಡತಿಯೂ ಬಂದಿದ್ದರು. ಅವರ ವಾಡೆಯ ಹೊಸ್ತಿಲನ್ನು ಇವಳು ಒಮ್ಮೆಯೂ ದಾಟಿದವಳಲ್ಲ. ಅಂಗಳದಲ್ಲಿ ನಿಂತು ಕಂಡದ್ದಷ್ಟೇ ಇವಳಿಗೆ ಸಿಕ್ಕ ಪಾಠ. ನಾಟಕ ಮುಗಿದ ಮೇಲೆ ಆ ಒಡತಿ ಪರದೆಯ ಹಿಂದೆ ಬಂದು, ಇವಳನ್ನು ಮೇಲಿಂದ ಕೆಳಗೆ ನೋಡಿ, “ನಮ್ಮತ್ತಿ ಎದ್ದು ಬಂದ್ಹಂಗ ಆತಲ್ಲೇ” ಎಂದರು. ಸಂತೋಷಕ್ಕೆ ಅಂದರೋ ಸಿಟ್ಟಿಗೆ ಅಂದರೋ ಇಂದಿಗೂ ನನಗೆ ತಿಳಿದಿಲ್ಲ.

ತೀರ್ಪುಗಾರರು ಮೂವರು ಸುರಪುರಕ್ಕೆ ಬಂದು ನಾಟಕ ನೋಡಿದರು. ಮುಗಿದ ಮೇಲೆ ಚಹಾ ಕುಡಿಯುತ್ತ ಅವರಲ್ಲಿ ಹಿರಿಯರು ಅವಳನ್ನು ಕರೆಸಿ ಮಾತಾಡಿಸಿದರು. ದಿನಕ್ಕೆ ಎಷ್ಟು ಹೊತ್ತು ಹೊಲದ ಕೆಲಸ, ಮಕ್ಕಳು ಎಷ್ಟು, ಓದಿದ್ದು ಎಲ್ಲಿಯವರೆಗೆ. ನಡಿಗೆಯ ಬಗ್ಗೆ ಕೇಳುತ್ತಾರೆಂದು ನಾನು ಕಾದೆ. ಕೇಳಲಿಲ್ಲ. ಅಲ್ಲೇ ನನಗೆ ತಿಳಿಯಬೇಕಿತ್ತು. ನಾನೋ, ಆ ಸಲ ಲೆಕ್ಕಾಚಾರ ಬಿಟ್ಟು ಮೋಹಕ್ಕೆ ಬಿದ್ದಿದ್ದೆ. “ಉತ್ತಮ ನಟಿ ಪಟ್ಟಿಯಾಗ ಆಕಿ ಹೆಸರು ಗ್ಯಾರಂಟಿ” ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಪಟ್ಟಿ ಮೊಬೈಲಿಗೆ ಬಂದಾಗ ನಾನು ಕಚೇರಿಯಲ್ಲಿದ್ದೆ. ಉತ್ತಮ ನಟಿ: ನಾಲ್ಕು ಹೆಸರು, ಅವಳದ್ದಿಲ್ಲ. ನಾಟಕಕ್ಕಿಲ್ಲ, ನಿರ್ದೇಶನಕ್ಕಿಲ್ಲ. ಕೊನೆಗೆ, ಬೆಳಕು, ಪ್ರಸಾಧನ ಎಲ್ಲ ಮುಗಿದ ಮೇಲೆ, ಆ ವರ್ಷವೇ ಹುಟ್ಟಿಸಿದ ಒಂದು ಹೊಸ ವಿಭಾಗ: ಗ್ರಾಮೀಣ ಪ್ರತಿಭೆ. ಮೂರು ಹೆಸರುಗಳಲ್ಲಿ ಅವಳದ್ದು ಮೊದಲನೆಯದು. ಪಕ್ಕದಲ್ಲಿ ತೀರ್ಪುಗಾರರ ಒಂದು ಸಾಲಿನ ಟಿಪ್ಪಣಿ: “ಕೃಷಿ ಕಾರ್ಮಿಕರಾದ ಇವರು ತಮ್ಮ ಬದುಕಿನಿಂದಲೇ ಪಾತ್ರವನ್ನು ಸಹಜವಾಗಿ ಎತ್ತಿಕೊಂಡಿದ್ದಾರೆ.”

ಆ ಸಾಲನ್ನು ನಾನು ಮೂರು ಸಲ ಓದಿದೆ. ಅವಳ ಬದುಕಿನಲ್ಲಿ ವಾಡೆ ಎಲ್ಲಿತ್ತು?

ಆದರೂ ಸಂಜೆ ಶೆಡ್ಡಿನಲ್ಲಿ ಎಲ್ಲರೂ ಪೇಢೆ ಹಂಚುವಾಗ ನಾನೂ ತಿಂದೆ. ಕಂಡಕ್ಟರ್ ಕೇಳಿದ, “ಪಂಚಾಂಗ ಏನಂತದ್ರಿ?” ಮೂವರಲ್ಲಿ ಟಿಪ್ಪಣಿ ಇದ್ದದ್ದು ಇವಳೊಬ್ಬಳಿಗೇ. ಸಮಾರಂಭ ಬೇರೆ ಆ ವರ್ಷ ಯಾದಗಿರಿಯಲ್ಲೇ. “ಇದು ನಮ್ಮದೇ” ಎಂದೆ. ಮಾಸ್ತರು ಕಣ್ಣೊರೆಸಿಕೊಂಡರು. ಹನ್ನೊಂದು ವರ್ಷಗಳಲ್ಲಿ ನಮ್ಮ ತಂಡಕ್ಕೆ ಬಂದ ಮೊದಲ ನಾಮನಿರ್ದೇಶನ ಅದು.

ಅವಳಿಗೆ ತಿಳಿಸಲು ಮರುದಿನ ರಾಮಸಮುದ್ರಕ್ಕೆ ಹೋದೆ. ಹತ್ತಿ ಹೊಲದಲ್ಲಿದ್ದಳು. ಮಡಿಲು ತುಂಬಿತ್ತು. ನಾನು ಪಟ್ಟಿ ಓದಿದೆ. ಅವಳು ಬೆರಳು ನಿಲ್ಲಿಸದೆ ಕೇಳಿದಳು.

“ಉತ್ತಮ ನಟಿ ಅಂತ ಬ್ಯಾರೆ ಅದ ಏನ್ರಿ?”

“ಅದ.”

“ಅದರಾಗ ನಾ ಇಲ್ಲ.”

“ಇಲ್ಲ. ಆದ್ರ ಇದು ಸುದ್ದಾ ದೊಡ್ಡದು. ಗೆಲ್ಲತೀ ನೀ.”

“ಅದರಾಗ ಇರೋ ನಾಕು ಮಂದಿ ಏನ್ ಕೆಲಸ ಮಾಡ್ತಾರ ಅಂತ ಬರದಾರೇನ್ರಿ?”

ನಾನು ಮತ್ತೆ ನೋಡಿದೆ. ಬರೆದಿರಲಿಲ್ಲ. ಒಬ್ಬರು ಬ್ಯಾಂಕಿನವರೆಂದು ನನಗೆ ಗೊತ್ತಿತ್ತು, ಆದರೆ ಪಟ್ಟಿಯಲ್ಲಿ ಅದಿರಲಿಲ್ಲ.

ಅವಳು ಮಡಿಲಿನ ಹತ್ತಿಯನ್ನು ಚೀಲಕ್ಕೆ ಸುರಿದು ಬಂದು ನನ್ನೆದುರು ನಿಂತಳು. “ನಾಕು ತಿಂಗಳು ನಡದೀನ್ರಿ ಬಾಯಾರ, ನಿಮ್ಮ ಕಣ್ಣ ಮುಂದ. ಸಹಜ ಅಂದ್ರ ಏನ್ರಿ? ಸಹಜ ಬಂದಿತ್ತಂದ್ರ ನಾ ಯಾಕ ನಡೀತಿದ್ದೆ? ಇದು ನಂಗ ಬ್ಯಾಡ. ನನ್ನ ಹೆಸರು ತೆಗೀರಿ ಅಂತ ಬರದು ಕೊಡ್ರಿ.”

ಹಿಂದಿರುಗುವಾಗ ಬಸ್ಸಿನಲ್ಲಿ ಅವಳ ಮೇಲೆ ನನಗೆ ಸಿಟ್ಟು ಬಂತು. ಸಿಕ್ಕದ್ದನ್ನು ಬೇಡವೆನ್ನುತ್ತಾಳಲ್ಲ ಎಂದು. ಭೀಮೆಯ ಸೇತುವೆ ದಾಟಿ ಶಹಾಪುರದ ಗುಡ್ಡ ಕಾಣುವಷ್ಟರಲ್ಲಿ ಆ ಸಿಟ್ಟು ನನ್ನ ಕಡೆಗೇ ತಿರುಗಿತ್ತು. ಆ ಟಿಪ್ಪಣಿ ಸುಳ್ಳೆಂದು ಓದಿದ ಕೂಡಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಪೇಢೆ ತಿಂದಿದ್ದೆ.

ಮಾಸ್ತರು ಒಪ್ಪಲಿಲ್ಲ. “ಹುಚ್ಚೇನ್ರಿ ಆಕೀಗೆ? ಇವತ್ತು ಈ ಬಾಗಿಲು ತೆರದ್ರ ನಾಳೆ ಆ ಬಾಗಿಲು ತೆರೀತದ. ಬ್ಯಾಡ ಅಂದ್ರ ಮುಂದ ನಮ್ಮ ನಾಟಕ ನೋಡಾಕ ಒಬ್ರೂ ಬರಂಗಿಲ್ಲ.”

“ಬರಂಗಿಲ್ಲ, ಖರೇ” ಎಂದೆ. “ಅದನ್ನ ನಾನೂ ಹೇಳಬಲ್ಲೆ, ಪಂಚಾಂಗ ನೋಡೂದು ಬ್ಯಾಡ. ಆದ್ರ ಹೆಸರು ಆಕೀದು, ಮಾಸ್ತರ.”

“ತಂಡದ್ದು ಅಲ್ಲೇನು?”

“ತಂಡದಾಗ ಹತ್ತಿ ಬಿಡಸಾಕಿ ಆಕಿ ಒಬ್ಬಾಕಿನೇ. ಅವರು ಇನಾಮು ಕೊಡಾಕತ್ತಿದ್ದು ಅದಕ್ಕ, ನಿಮ್ಮ ನಾಟಕಕ್ಕಲ್ಲ. ನಿಮ್ಮ ನಾಟಕ ಪಟ್ಟಿಯಾಗ ಎಲ್ಲದ ತೋರಸ್ರಿ.”

ಅದು ಅವರಿಗೆ ತಾಗಿತು. ಕುರ್ಚಿ ಸರಿಸಿ ಎದ್ದು ಹೋದರು.

ಅವತ್ತು ನಾನೇ ಪತ್ರ ಬರೆದೆ. ಕಚೇರಿಯಲ್ಲಿ ಸಾವಿರಾರು ಅರ್ಜಿ ಬರೆದಿದ್ದೇನೆ, ಎಲ್ಲ “ದಯಮಾಡಿ”ಯಿಂದ ಶುರುವಾಗಿ “ಕೃಪೆ ತೋರಬೇಕಾಗಿ ವಿನಂತಿ”ಯಲ್ಲಿ ಮುಗಿದವು. ಈ ಪತ್ರದಲ್ಲಿ ಎರಡನ್ನೂ ಹಾಕಲಿಲ್ಲ. ಪಾತ್ರ ಯಾವುದು, ಅದಕ್ಕೆ ಅವಳು ಮಾಡಿದ ತಯಾರಿ ಏನು, ಟಿಪ್ಪಣಿ ಯಾಕೆ ತಪ್ಪು, ಇಷ್ಟನ್ನು ಬರೆದು, ಉತ್ತಮ ನಟಿ ವಿಭಾಗದಲ್ಲಿ ಪರಿಗಣಿಸಿ, ಇಲ್ಲವೇ ಹೆಸರು ಕೈಬಿಡಿ ಎಂದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಹೆಬ್ಬೆಟ್ಟು ಸಾಕಲ್ಲವೇ ಎಂದು ಅಲ್ಲಿದ್ದ ಯಾರೋ ಅಂದದ್ದಕ್ಕೆ ತಲೆ ಕೂಡ ಎತ್ತಲಿಲ್ಲ.

ಸಂಸ್ಥೆಯವರ ಉತ್ತರ ಫೋನಿನಲ್ಲಿ ಬಂತು. ನಯವಾದ ದನಿ. “ನೋಡಿ ಮೇಡಂ, ಒಮ್ಮೆ ಪ್ರಕಟವಾದ ಮೇಲೆ ಹಿಂಪಡೆಯಲು ಅವಕಾಶವಿಲ್ಲ. ಅವರಿಗೆ ಸಂತೋಷವಾಗಲಿ ಅಂತಲೇ ಈ ವಿಭಾಗ ಮಾಡಿದ್ದು. ಸಮಾರಂಭದಲ್ಲಿ ಅವರು ಹೊಲಕ್ಕೆ ಹೋಗುವಾಗಿನ ಉಡುಗೆಯಲ್ಲೇ ಬಂದರೆ ಚೆನ್ನಾಗಿರುತ್ತದೆ.”

ಇದನ್ನು ಅವಳಿಗೆ ಹೇಳದಿರೋಣ ಎಂದುಕೊಂಡಿದ್ದೆ. ಹೇಳಿದೆ. ಅವಳು, “ಹಂಗಾದ್ರ ಹೋಗೂಣ್ರಿ” ಎಂದಳು.

ಸಮಾರಂಭ ಮಧ್ಯಾಹ್ನ ಮೂರಕ್ಕೆ. ಅವಳು ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದಿದ್ದಳು. ನಾವು ಏಳನೇ ಸಾಲಿನಲ್ಲಿ ಕೂತೆವು. ಮಾಸ್ತರು ಬರುವುದಿಲ್ಲ ಅಂದಿದ್ದರು. ತಿರುಗಿ ನೋಡಿದರೆ ಹಿಂದಿನ ಬಾಗಿಲ ಹತ್ತಿರ ನಿಂತಿದ್ದರು. ವೇದಿಕೆಯ ಮೇಲೆ ಒಂದೊಂದೇ ಪ್ರಶಸ್ತಿ ಹೇಳುತ್ತ ಹೋದರು. ನಾನು ಮನಸ್ಸಿನಲ್ಲಿ ಅಂದುಕೊಂಡ ಹೆಸರುಗಳೇ ಬಂದವು. ಸರಿಯಾಗಿದ್ದಕ್ಕೆ ಎಂದೂ ಅಷ್ಟು ಬೇಸರವಾಗಿರಲಿಲ್ಲ.

ಕೊನೆಗೆ ಗ್ರಾಮೀಣ ಪ್ರತಿಭೆ. ಅವಳ ಹೆಸರು ಕೂಗಿದರು. ಚಪ್ಪಾಳೆ. ಅವಳು ಏಳಲಿಲ್ಲ. ನಾಚಿಕೊಂಡಿದ್ದಾರೆ ಎಂದು ನಿರೂಪಕಿ ನಕ್ಕು ಮತ್ತೆ ಕರೆದಳು. ಮೂರನೇ ಸಲ ಕರೆದಾಗ ಎದ್ದು ನಿಂತಳು, ಆದರೆ ಇದ್ದಲ್ಲಿಂದ ಕದಲಲಿಲ್ಲ. ಮೈಕಿಲ್ಲದಿದ್ದರೂ ಕೊನೆಯ ಸಾಲಿಗೆ ಕೇಳುವಂತೆ ಮಾತಾಡುವುದು ಅವಳಿಗೆ ಗೊತ್ತಿತ್ತು.

“ನಮಸ್ಕಾರ್ರಿ. ನಾ ಇಲ್ಲೇ ನಿಂತು ಹೇಳ್ತೀನಿ. ನೀವು ಕೊಡೂದು ನಾ ತಗೊಳ್ಳಂಗಿಲ್ರಿ. ನಾ ಹತ್ತಿ ಬಿಡಸ್ತೀನಿ, ಅದು ಖರೇ. ಆದ್ರ ನಾಟಕದಾಗ ನಾ ಹತ್ತಿ ಬಿಡಸಿಲ್ಲ. ವಾಡೇದ ಗೌಡಶಾನಿ ಆಗೀನಿ. ಅದು ಚಲೋ ಇತ್ತಂದ್ರ ನಟಿ ಅನ್ರಿ. ಇರಲಿಲ್ಲಂದ್ರ ಚಲೋ ಇಲ್ಲ ಅನ್ರಿ. ಎರಡೂ ಕೇಳ್ತೀನಿ. ಇದು ಎರಡೂ ಅಲ್ರಿ.”

ವೇದಿಕೆಯ ಮೇಲಿನ ಹಿರಿಯ ತೀರ್ಪುಗಾರರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಎಲ್ಲಿಂದಲೋ ಒಬ್ಬರು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ತಟ್ಟದ್ದಕ್ಕೆ ನಿಲ್ಲಿಸಿದರು. “ಭಾವುಕರಾಗಿದ್ದಾರೆ” ಎಂದು ಹೇಳಿ ನಿರೂಪಕಿ ವಂದನಾರ್ಪಣೆಗೆ ಹೋದಳು. ನಮ್ಮವಳು ಮಕ್ಕಳ ಕೈ ಹಿಡಿದು ಹೊರಟಳು, ಕಂಡಕ್ಟರ್ ಎದ್ದ, ನಾನು ಎದ್ದೆ. ಬಾಗಿಲ ಹತ್ತಿರ ಮಾಸ್ತರು ಅವಳಿಗೆ ದಾರಿ ಬಿಟ್ಟು ನಿಂತರು.

ಮಾಸ್ತರ ಕೋಪ ಸಂಕ್ರಾಂತಿಯವರೆಗೂ ಇಳಿಯಲಿಲ್ಲ. ಆಮೇಲೊಂದು ಭಾನುವಾರ ಹೊಸ ನಾಟಕದ ಪ್ರತಿ ತಂದು ನನ್ನ ಕೈಗಿಟ್ಟು, “ಆಕೀಗೆ ಓದಿ ಹೇಳ್ರಿ, ಯಾವ ಪಾತ್ರ ಬೇಕಂತ ಕೇಳ್ರಿ” ಎಂದರು. ಅವಳು ರೈಲ್ವೆ ಸ್ಟೇಷನ್ ಮಾಸ್ತರನ ಪಾತ್ರ ಕೇಳಿದಳು. ಅದು ಗಂಡಸಿನ ಪಾತ್ರ. ಮಾಸ್ತರು ಎರಡು ವಾರ ಒದ್ದಾಡಿ ಅದನ್ನು ಹೆಂಗಸಿನದ್ದಾಗಿ ತಿದ್ದಿದರು.

ಆ ನಾಟಕ ನೋಡಲು ತೀರ್ಪುಗಾರರು ಬರಲಿಲ್ಲ. ನಾವು ಕೊಡೇಕಲ್‌ನಲ್ಲಿ ಮಾಡಿದೆವು, ಸುರಪುರದಲ್ಲಿ ಎರಡು ಸಲ ಮಾಡಿದೆವು, ರಾಮಸಮುದ್ರದ ಶಾಲೆಯ ಬಯಲಿನಲ್ಲಿ ಮಾಡಿದೆವು. ಮುಂದಿನ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿಯೂ ಇರಲಿಲ್ಲ. ಗ್ರಾಮೀಣ ಪ್ರತಿಭೆ ವಿಭಾಗ ಇತ್ತು. ಹೆಸರು ಮಾತ್ರ ಮಣ್ಣಿನ ಪ್ರತಿಭೆ ಎಂದಾಗಿತ್ತು.

ಆ ವರ್ಷ ನಾನೊಂದು ಕೆಲಸ ಮಾಡಿದೆ. ರಜೆ ಹಾಕಿ, ಬಸ್ಸು ರೈಲು ಹತ್ತಿ, ನಾಮನಿರ್ದೇಶನವಾದ ನಾಟಕಗಳಲ್ಲಿ ಐದನ್ನು ನೋಡಿ ಬಂದೆ. ಮೂರಕ್ಕೆ ಅವಳೂ ಜೊತೆಗೆ ಬಂದಳು. ನೋಡಿದ ಮೇಲೆ, ಯಾರಿಗೆ ಸಲ್ಲಬೇಕೋ ಅವರ ಹೆಸರು ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ. ಒಂದೂ ನಿಜವಾಗಲಿಲ್ಲ. ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಪಂಚಾಂಗ ಕೆಟ್ಟದ್ರಿ ಬಾಯಾರ!”

“ಕೆಟ್ಟಿಲ್ಲ. ತಪ್ಪಿದಾವ್ರು ಅವ್ರು” ಎಂದೆ.

ಅವಳು ಗೋಡೆಯ ಮುಂದೆ ನಿಂತು ನನ್ನ ಪಟ್ಟಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಉತ್ತಮ ನಟಿಯ ಸಾಲಿಗೆ ಬಂದು ನಿಂತಳು.

“ಇದರಾಗ ನೀವೂ ತಪ್ಪೀರಿ ಬಾಯಾರ. ಆಕಿ ಅಳೂದು ಚಲೋ ಅತ್ತಾಳ, ಕೇಳೂದು ಬರೂದಿಲ್ಲ ಆಕೀಗೆ. ಎದರಿನಾಕಿ ಮಾತಾಡುವಾಗ ತನ್ನ ಮುಂದಿನ ಮಾತು ನೆನಸ್ಕೋತ ನಿಂತಿದ್ಲು. ನೀವು ನೋಡಲಿಲ್ಲೇನು?”

ನಾನು ನೋಡಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲೂ ಇಲ್ಲ. ನಮ್ಮಿಬ್ಬರ ವಾದ ಮುಗಿಯದೆ ಅವತ್ತು ತಾಲೀಮು ಶುರುವಾಗುವುದು ಒಂದು ತಾಸು ತಡವಾಯಿತು.