ನೀರು ಹೋಗುವ ಮೂಲೆ

ಅತ್ತೆಯ ಬಲಗಾಲಿನ ಹೆಬ್ಬೆರಳು ಸ್ವಲ್ಪ ಹೊರಕ್ಕೆ ತಿರುಗಿತ್ತು. ಅದರ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇಲ್ಲದ ದಿನ ಕಡಿಮೆ. ಮಳೆಗಾಲದಲ್ಲಿ ಅಂಗಳದಲ್ಲಿ ನಿಂತು ಯಾರೊಡನೆ ಮಾತಾಡುತ್ತಿದ್ದರೂ ಆ ಬೆರಳು ತನ್ನ ಪಾಡಿಗೆ ನೆಲ ಕೆರೆಯುತ್ತಿತ್ತು. ಮಾತು ಮುಗಿಯುವಷ್ಟರಲ್ಲಿ ಅವರ ಕಾಲಬುಡದ ಕೊಚ್ಚೆ ನೀರು ಸಣ್ಣ ಗೀರು ಹಿಡಿದು ಹೊರಗೆ ಹರಿದುಹೋಗಿರುತ್ತಿತ್ತು.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನಾನು ಮದುವೆಯಾಗಿ ಹಾಲಾಡಿ ಕಡೆಯಿಂದ ತೆಕ್ಕಟ್ಟೆಗೆ ಬಂದೆ. ಮಾವ ಆಗಲೇ ತೀರಿಹೋಗಿದ್ದರು. ನನ್ನ ಯಜಮಾನರು ಅತ್ತೆಗೆ ಒಬ್ಬನೇ ಮಗ; ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಅತ್ತೆ ನನ್ನನ್ನು ಬೈದದ್ದೂ ಇಲ್ಲ, ಮುದ್ದು ಮಾಡಿದ್ದೂ ಇಲ್ಲ. ಕೆಲಸ ಹೇಳುತ್ತಿದ್ದರು, ಮಾಡಿದ ಮೇಲೆ ಬಂದು ನೋಡುತ್ತಿದ್ದರು.

ಟಾರು ರಸ್ತೆಯ ಬದಿಗೆ ನಮ್ಮದೊಂದು ಬೆಟ್ಟುಗದ್ದೆ ಇತ್ತು. ಮಳೆ ಬಿದ್ದರೆ ಒಂದು ಬೆಳೆ, ಇಲ್ಲದಿದ್ದರೆ ಅದೂ ಇಲ್ಲ. ಬೊಂಬಾಯಿಗೆ ಹೋದವರು ಊರಲ್ಲಿ ರಸ್ತೆ ಬದಿ ಮನೆ ಬೇಕೆಂದು ಜಾಗ ಕೇಳತೊಡಗಿದ ಮೇಲೆ ಅತ್ತೆ ಅದನ್ನು ತುಂಡು ಮಾಡಿ ಸೈಟಾಗಿ ಕೊಡಲು ಒಪ್ಪಿದರು. ಗದ್ದೆಯ ಹಿಂದೆ ಹಾಡಿ, ಎಂದರೆ ಸಣ್ಣ ಕಾಡು. ಹಾಡಿಯ ಮಳೆನೀರು ಒಂದು ತೋಡಾಗಿ ಗದ್ದೆಯ ನಡುವೆ ಇಳಿದು, ರಸ್ತೆಯ ಮೂಲೆಯಲ್ಲಿ ಮೋರಿಯೊಳಗೆ ನುಗ್ಗಿ ಆಚೆ ಬೈಲಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಆ ತೋಡು ದನ ಮಲಗುವ ಒಂದು ತಗ್ಗು, ಅಷ್ಟೇ.

ನಕ್ಷೆ ಮಾಡಲು ಓವರ್ಸಿಯರರೊಬ್ಬರು ಬೇಸಿಗೆಯಲ್ಲೇ ಬಂದರು. ಅತ್ತೆ ಗೂಟ ಹೊಡೆಯಲು ಬಿಡಲಿಲ್ಲ.

"ಹ್ವಾಯ್, ಈಗ ಕಂಡ್ರೆ ನೀರಿನ್ ದಾರಿ ಗೊತ್ತಾತ್ತಾ? ಮಳಿ ಹಿಡದ್ ಮೇಲೆ ಬನ್ನಿ. ಕಾಪಿ ಕೊಡ್ತೆ."

"ಮಳೆಯಲ್ಲಿ ಅಳತೆ ಸರಪಣಿ ಎಳೀಲಿಕ್ಕೆ ಆಗ್ತದಾ ಅಮ್ಮಾ? ನನ್ನ ನಕ್ಷೆ ಕರಗಿ ಹೋಗ್ತದೆ" ಎಂದು ಅವರು ನಕ್ಕರು. ಆದರೆ ಒಳ್ಳೆಯ ಮನುಷ್ಯ, ಆಷಾಢದಲ್ಲಿ ಮತ್ತೆ ಬಂದರು. ಅವರು ಕೊಡೆ ಹಿಡಿದು, ಅತ್ತೆ ಬೆನ್ನಿಗೆ ಎಲೆ ಹೆಣೆದ ಗೊರಬು ಹಾಕಿಕೊಂಡು, ಇಬ್ಬರೂ ಹಾಡಿಯಿಂದ ಮೋರಿಯವರೆಗೆ ನೀರಿನ ಹಿಂದೆ ಹಿಂದೆ ನಡೆದರು. ನೀರು ಬಳುಕಿದಲ್ಲಿ ಗೂಟವೂ ಬಳುಕಿತು. ಸೈಟು ಚೌಕ ಇರದಿದ್ದರೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಓವರ್ಸಿಯರರು ಹೇಳಿದ್ದೂ ಸುಳ್ಳಾಗಲಿಲ್ಲ. ಸೊಟ್ಟ ಸೈಟುಗಳು ಬಹಳ ಕಾಲ ಹಾಗೆಯೇ ಬಿದ್ದಿದ್ದವು.

ಮನೆ ಕಟ್ಟುವವರು ಹೀಗೆ ಹೀಗೆ ಮಾಡಬೇಕೆಂದು ಆಗ ನಮ್ಮಲ್ಲಿ ಹೇಳುವವರು ಯಾರೂ ಇರಲಿಲ್ಲ. ಅತ್ತೆ ತಾವೇ ನಿಯಮ ಮಾಡಿಕೊಂಡರು. ತೋಡಿನ ಮೇಲೆ ಪಾಗಾರದ ಗೋಡೆ ಏಳಬಾರದು. ಓಣಿಯಲ್ಲಿ ಹುಲ್ಲಿನ ಹೊರೆ ಹೊತ್ತ ಇಬ್ಬರು ಎದುರಾದರೆ ಒಬ್ಬರೂ ಹಿಂದೆ ಸರಿಯುವಂತಾಗಬಾರದು. ಮಕ್ಕಳಿಗೂ ದನಗಳಿಗೂ ಒಂದು ತುಂಡು ಜಾಗ ಖಾಲಿ ಇರಬೇಕು. ರಸ್ತೆಯ ಮೂಲೆಯನ್ನು, ಎಂದರೆ ಮೋರಿಯ ಬಾಯಿಯನ್ನು, ಯಾರಿಗೂ ಕೊಡುವುದಿಲ್ಲ.

ಆ ಮೂಲೆಯ ಮೇಲೆ ಯಜಮಾನರ ಕಣ್ಣಿತ್ತು. ರಜೆಗೆ ಬಂದವರು ಊಟಕ್ಕೆ ಕುಳಿತಾಗ ತಾಯಿಯ ಹತ್ತಿರ ಮಾತು ತೆಗೆದರು.

"ಅಬ್ಬಿ, ಆ ಮೂಲಿ ನಂಗ್ ಬೇಕ್. ಮುಂದ್ ಅಂಗಡಿ, ಹಿಂದ್ ಮನಿ."

"ಅದ್ ನೀರಿನ್ ಜಾಗ."

"ದೊಡ್ಡ ಪೈಪ್ ಹಾಕಿ ಮುಚ್ಚುವ. ಬೊಂಬಾಯಂಗೆ ಇಡೀ ಊರೇ ಪೈಪಿನ್ ಮೇಲ್ ಇತ್ತ್."

"ಬೊಂಬಾಯಂಗೆ ತೆಂಗಿನ್ ಮಡ್ಲ್ ಬೀಳತ್ತಾ? ಒಂದ್ ಮಡ್ಲ್ ಅಡ್ಡ ಸಿಕ್ಕಿರೆ ಮೇಲಿನರ್ ಮನಿ ಒಳ್ಗೆ ನೀರ್."

"ನಾನ್ ನಿನ್ ಮಗ ಅಲ್ದಾ?"

"ಮಗ ಅಂದೇಳಿಯೇ ಕೊಡುದಿಲ್ಲ. ನಿಂಗ್ ಕೊಟ್ರೆ, ತೋಡ್ ಮುಚ್ಬೇಡಿ ಅಂದ್ ಬೇರೆಯರಿಗೆ ಯಾವ್ ಬಾಯಂಗೆ ಹೇಳುದ್?"

ಯಜಮಾನರು ಮಜ್ಜಿಗೆಗೆ ಕಾಯದೆ ಎದ್ದರು. ರಜೆ ಮುಗಿಯುವ ಮೊದಲೇ ಹೊರಟುಹೋದರು. ಆಮೇಲೆ ಅತ್ತೆಗೆ ಹೇಳಬೇಕಾದದ್ದೆಲ್ಲ "ನಿನ್ನ ಅತ್ತೆಗೆ ಹೇಳು" ಎಂದು ನನ್ನ ಮೂಲಕವೇ ಬರುತ್ತಿತ್ತು. ಕೆಲವು ವರ್ಷಗಳ ನಂತರ ಊರಿಗೆ ವಾಪಸಾಗಿ ಕೋಟದಲ್ಲಿ ಸಣ್ಣ ಹೋಟೆಲು ತೆರೆದರು. ಮಾರಾಟವಾಗದೆ ಉಳಿದಿದ್ದ ಮೇಲಿನ ಸೊಟ್ಟ ಸೈಟಿನಲ್ಲೇ ಮನೆ ಕಟ್ಟಿ ಅತ್ತೆಯನ್ನೂ ಅಲ್ಲಿಗೆ ಕರೆತಂದರು. ಒಂದೇ ಮನೆಯಲ್ಲಿದ್ದರೂ ತಾಯಿ ಮಗನ ಮಾತು ಊಟ, ಔಷಧಿಯ ಆಚೆ ಹೋಗಲಿಲ್ಲ.

ಅತ್ತೆಯೂ ಒಂದು ತಪ್ಪು ಮಾಡಿದ್ದರು. ಮಳೆನೀರಿಗೆ ದಾರಿ ಇಟ್ಟವರು ಬಚ್ಚಲು ನೀರನ್ನು ಮರೆತಿದ್ದರು. ನಮ್ಮಲ್ಲಿ ಎಲ್ಲರ ಮನೆಯ ಬಚ್ಚಲು ನೀರೂ ತೆಂಗಿನ ಬುಡಕ್ಕೇ ಹೋಗುವುದು. ಹೊಸ ಮನೆಯಲ್ಲೂ ಅತ್ತೆ ಬಚ್ಚಲ ಹಿಂದೆ ತೆಂಗಿನ ಸಸಿ ನೆಟ್ಟು ನೀರು ಬಿಟ್ಟರು. ಸಸಿ ಚೆನ್ನಾಗಿ ಬಂತು. ಕೆಳಗಿನ ಸೈಟಿನಲ್ಲಿ ಶಾಲೆಯ ಟೀಚರಮ್ಮನ ಮನೆ. ಒಂದು ದಿನ ಅವರು ತಮ್ಮ ಬಾವಿಯ ನೀರನ್ನು ಚೆಂಬಿನಲ್ಲಿ ತಂದು ಜಗಲಿಯ ಮೇಲಿಟ್ಟರು.

"ಅಮ್ಮಾ, ನಿಮ್ಮನಿ ಸಾಬೂನ್ ಲಾಯ್ಕ್ ಪರ್ಮಳ. ಆರೆ ನನ್ ಗಂಜಿಯಂಗೆ ಬ್ಯಾಡ."

ಅತ್ತೆ ಮೂಸಿ ನೋಡಿದರು. ಮುಖ ಸಣ್ಣದಾಯಿತು. "ಹಳಿ ಮನಿ ಹಿತ್ಲಂಗೆ ನೀರ್ನೆಲ್ಲ ಮಣ್ಣೇ ಕುಡೀತಿತ್ತ್. ಸೈಟಂಗೆ ಅಷ್ಟ್ ಮಣ್ಣ್ ಎಲ್ಲಿತ್ತ್ ಹೆಣೆ?" ಎಂದು ನನ್ನ ಕಡೆ ತಿರುಗಿದರು. ಅಂದೇ ಸಸಿ ಕಿತ್ತು ಬೇರೆ ಕಡೆ ನೆಟ್ಟರು. ಬಚ್ಚಲಿಂದ ತೋಡಿನವರೆಗೆ ತಾವೇ ಹಾರೆ ಹಿಡಿದು ಕಾಲುವೆ ತೆಗೆದರು. ಯಜಮಾನರು ಅದನ್ನು ಕಿಟಕಿಯಿಂದ ನೋಡಿದರು.

ಅತ್ತೆ ತೀರಿಕೊಂಡದ್ದೂ ಆಷಾಢದಲ್ಲೇ. ಬೆಳಿಗ್ಗೆ ಗಂಜಿ ಉಂಡು ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಹೆಂಗಸರು ಅಂಗಳದ ಬದಿಯ ಬಾಳೆಬುಡದ ಹತ್ತಿರ ಮರೆ ಕಟ್ಟಿ, ಮೀಯಿಸಲು ನೀರು ತಂದಿಟ್ಟರು. ಅಷ್ಟರಲ್ಲಿ ಯಜಮಾನರು ಹಾರೆ ಹಿಡಿದುಕೊಂಡು ಬಂದರು.

"ಒಂದ್ ಗಳ್ಗಿ ನಿಲ್ಲಿ."

ಬಾಳೆಬುಡದಿಂದ ಅತ್ತೆಯ ಕಾಲುವೆಯವರೆಗೆ ಅವರು ಗೀರು ತೆಗೆಯತೊಡಗಿದರು. ನೆಂಟರಲ್ಲಿ ಹಿರಿಯರೊಬ್ಬರು, "ಇವತ್ತೊಂದ್ ದಿನ ಬಾಳಿಬುಡಕ್ಕೆ ಹೋಯ್ಲಿ ಮಾರಾಯ, ಎಂತ ಆತ್ತ್?" ಎಂದರು.

"ಕೆಳ್ಗೆ ಬಾವಿ ಇತ್ತ್" ಎಂದರು ಯಜಮಾನರು, ತಲೆ ಎತ್ತದೆ.

ಅವರು ಬದಿಗೆ ಸರಿದ ಮೇಲೆ ನಾವು ನೀರು ಹೊಯ್ದೆವು. ಅತ್ತೆಯನ್ನು ಮೀಯಿಸಿದ ನೀರು ಗೀರು ಹಿಡಿದು ಕಾಲುವೆಗೆ, ಕಾಲುವೆಯಿಂದ ತೋಡಿಗೆ ಇಳಿಯಿತು. ಯಜಮಾನರು ಹಾರೆ ಕೆಳಗಿಡದೆ ಅದರ ಹಿಂದೆ ಹಿಂದೆ ನಡೆದರು. ತಮಗೆ ಸಿಗದೆ ಹೋದ ಮೂಲೆಯನ್ನು ದಾಟಿ ಅದು ಮೋರಿಯೊಳಗೆ ಹೋಗುವವರೆಗೂ ಅಲ್ಲೇ ನಿಂತಿದ್ದರು.